ಹೊಸ ಶಿಕ್ಷಕರ ಕೈಪಿಡಿಗಳು: ಬೇಲೆಕೇರಿಯ ಕಡೆಯಿಂದ ಒಂದು ವಿಮರ್ಶೆ

ಕಾವ್ಯ ನಾಟಕ ಕಾದಂಬರಿಗಳ ಗುಣದೋಷಗಳನ್ನು ವಿವೇಚಿಸುವ ಪುಟಗಳಲ್ಲಿ ಶಿಕ್ಷಕರ ಕೈಪಿಡಿಗಳನ್ನು ಎತ್ತಿಕೊಳ್ಳುವುದು ಕೆಲವು ವಾಚಕರಿಗೆ ಅಪ್ರಸ್ತುತವಾಗಿ ತೋರಬಹುದು. ಕೈಪಿಡಿಯೆಂದರೆ ಇಲಾಖೆಯ ಕಾಗದವೇ ಹೊರತು ಗ್ರಂಥವಲ್ಲವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ಒಂದು ಮಾತನ್ನು ವಿಚಾರಿಸಬೇಕು. ಕವಿತೆಯೊಂದು ಕೆಟ್ಟದಾಗಿದ್ದರೆ ಓದುಗನು ಪುಸ್ತಕವನ್ನು ಮುಚ್ಚಿಡುತ್ತಾನೆ. ಅಲ್ಲಿಗೆ ನಷ್ಟ ಮುಗಿಯಿತು. ಕೈಪಿಡಿಯ ಓದುಗನಿಗೆ ಆ ಸ್ವಾತಂತ್ರ್ಯವಿಲ್ಲ. ಆತನು ಮರುದಿನ ಬೆಳಿಗ್ಗೆ ಅದರಂತೆ ನಡೆಯಬೇಕು. ಅದು ಕೆಟ್ಟದಾಗಿದ್ದರೆ ಆ ನಷ್ಟವನ್ನು ಹೊರುವವರು ಆ ಪುಸ್ತಕವನ್ನು ಕಣ್ಣಿನಿಂದ ಕೂಡ ಕಾಣದ ಆರು ವರ್ಷದ ಮಕ್ಕಳು. ಇಷ್ಟು ಅಧಿಕಾರವುಳ್ಳ ಗದ್ಯವು ಕನ್ನಡದಲ್ಲಿ ಬೇರೆ ಯಾವುದಿದೆ? ಆದುದರಿಂದ ಅದನ್ನು ಗದ್ಯವೆಂದೇ ಓದಿ, ಅದು ಯಾರನ್ನು ಕುರಿತು ಮಾತನಾಡುತ್ತದೆ, ಯಾರನ್ನು ಮರೆಯುತ್ತದೆ ಎಂದು ಕೇಳುವುದು ವಿಮರ್ಶೆಯ ಕರ್ತವ್ಯವೇ ಸರಿ.

ಪರೀಕ್ಷೆಗೆ ಒರೆಗಲ್ಲು ಬೇಕು. ಬೇಲೆಕೇರಿಯಂಥ ಊರಿಗಿಂತ ಒಳ್ಳೆಯ ಒರೆಗಲ್ಲನ್ನು ನಾವು ಕಾಣೆವು. ಅಂಕೋಲೆ ತಾಲೂಕಿನ ಈ ಬಂದರಿನ ಹೆಸರು 2010ರಲ್ಲಿ ಮುಟ್ಟುಗೋಲು ಹಾಕಿದ್ದ ಕಬ್ಬಿಣದ ಅದಿರು ಕಾಣೆಯಾದ ಪ್ರಕರಣದಿಂದ ನಾಡಿಗೆಲ್ಲ ಕೇಳಿಸಿತು. ಊರಿಗೆ ಅದಕ್ಕಿಂತ ಹಳೆಯದೂ ಗೌರವದ್ದೂ ಆದ ಬೇರೆ ಪರಿಚಯಗಳುಂಟು. ಅದಿರಲಿ. ಕಾರವಾರ ಅಂಕೋಲೆಗಳ ನಡುವಣ ಈ ಕಡಲದಂಡೆಯಲ್ಲಿ ಖಾರ್ವಿಗಳ ಮನೆಯಲ್ಲಿ ಕೊಂಕಣಿ, ಹಾಲಕ್ಕಿ ಒಕ್ಕಲಿಗರ ಮನೆಯಲ್ಲಿ ಅವರದೇ ಆದ ಹಳೆಯ ಬೆಡಗಿನ ಕನ್ನಡ, ನಾಡವರು, ನಾಮಧಾರಿಗಳು, ಆಗೇರರು ಆಡುವ ಕರಾವಳಿಯ ಕನ್ನಡ, ಕೋಮಾರಪಂತರಲ್ಲಿಯೂ ಹರಿಕಂತರಲ್ಲಿಯೂ ಎರಡೂ ಭಾಷೆಗಳ ಬಳಕೆ, ಮುಸಲ್ಮಾನರ ಮನೆಗಳಲ್ಲಿ ಉರ್ದು, ಅಲ್ಲಲ್ಲಿ ಮರಾಠಿ. 1986ರಲ್ಲಿ ಅಡಿಗಲ್ಲು ಕಂಡು 2005ರಲ್ಲಿ ಕದಂಬ ನೌಕಾನೆಲೆಯಾಗಿ ನಿಂತ ಸೀಬರ್ಡ್ ಯೋಜನೆಯಿಂದ ಈ ದಂಡೆಯ ಎಷ್ಟೋ ಕುಟುಂಬಗಳು ಒಕ್ಕಲೆದ್ದವು. ಹೀಗೆ ಕೇರಿ ಕೇರಿಗಳು ಕಲಸಿಕೊಂಡು ಒಂದೇ ಶಾಲೆಯ ಬೆಂಚಿಗೆ ಬಂದವು. ಇಷ್ಟರ ಮೇಲೆ, ಹೊಸದಾಗಿ ನೇಮಕವಾಗಿ ಬರುವ ಮಾಸ್ತರರೋ ಅಕ್ಕೋರೋ ಬಹಳ ಸಲ ವಿಜಾಪುರ, ಬಾಗಲಕೋಟೆಗಳ ಬಯಲುಸೀಮೆಯವರು. ಮಕ್ಕಳು ಎಂತಕ್ಕೆ ಎಂದರೆ ಅವರು ಯಾಕ ಎನ್ನುವರು. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಪರಕೀಯರಾಗಿರುವವರು ಸ್ವತಃ ಶಿಕ್ಷಕರೇ ಎಂಬುದನ್ನು ಯಾವ ಕೈಪಿಡಿಯೂ ಮೊದಲ ಪುಟದಲ್ಲಿ ಹೇಳಿದ್ದನ್ನು ನಾವು ಕಂಡಿಲ್ಲ.

ಸಂಖ್ಯೆಯ ಮಾತನ್ನೂ ಇಲ್ಲಿಯೇ ಮುಗಿಸೋಣ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ ಅರುವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ತರಗತಿಗಳು ಮಾತ್ರ ಐದು. ಅಂದರೆ ಚಿಕ್ಕ ಊರಿನ ಶಾಲೆಯಲ್ಲಿ ಒಬ್ಬ ಶಿಕ್ಷಕನು ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು ಕುಳಿತಿರುವನೆಂಬುದು ಅಪವಾದವಲ್ಲ, ಕಾಯಿದೆಯೇ ಒಪ್ಪಿಕೊಂಡ ಸ್ಥಿತಿ. ಹೀಗಿದ್ದೂ ಬಹುಮಟ್ಟಿನ ಬೋಧನಾಗ್ರಂಥಗಳು ಒಂದು ತರಗತಿ, ಒಂದು ಪಾಠ, ನಲವತ್ತು ನಿಮಿಷದ ಒಂದು ಅವಧಿ ಎಂಬ ಲೆಕ್ಕದಲ್ಲಿಯೇ ರಚಿತವಾಗಿವೆ.

ಕನ್ನಡದಲ್ಲಿ ಇಂಥ ಬರವಣಿಗೆ ನಿನ್ನೆ ಮೊನ್ನೆಯದಲ್ಲ. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಅದೇ ಕಾಲಕ್ಕೆ ಧಾರವಾಡದ ಕಡೆ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ಕಟ್ಟಿ ನಿಲ್ಲಿಸುತ್ತಿದ್ದರು. 1865ರಲ್ಲಿ ಶಿಕ್ಷಕರಿಗಾಗಿಯೇ ಆರಂಭವಾದ ‘ಮಠಪತ್ರಿಕೆ’ಯು ಮುಂದೆ ‘ಜೀವನ ಶಿಕ್ಷಣ’ವೆಂಬ ಮಾಸಿಕವಾಗಿ ಮುಂದುವರಿಯಿತು. ಆ ಕಾಲದಲ್ಲಿ ಶಾಲೆಗೆ ಮಠವೆಂಬ ಹೆಸರೇ ರೂಢಿಯಲ್ಲಿದ್ದುದರಿಂದ ಪತ್ರಿಕೆಗೂ ಆ ಹೆಸರು ಬಂದಿತು. ಹೊಸ ವ್ಯವಸ್ಥೆಯು ಜನರ ಬಾಯಲ್ಲಿದ್ದ ಶಬ್ದವನ್ನು ಇಟ್ಟುಕೊಂಡು ನಡೆದ ಕಾಲವದು. 1937ರ ವಾರ್ಧಾ ಯೋಜನೆಯ ದಿನಗಳಲ್ಲಿ ಕೈಕಸುಬಿನ ಸುತ್ತ ಎಲ್ಲ ಪಾಠಗಳನ್ನೂ ಹೆಣೆಯಬೇಕೆಂಬ ವಿಚಾರವು ಬಂದಾಗ, ಜಾಕಿರ್ ಹುಸೇನರ ಸಮಿತಿಯು ಸವಿಸ್ತರವಾದ ಪಠ್ಯಕ್ರಮವನ್ನು ಕೊಟ್ಟದ್ದು ನೂಲುವ ನೇಯುವ ಕಸುಬಿಗೆ. ತತ್ತ್ವವು ಬೇಲೆಕೇರಿಗೆ ಸೊಗಸಾಗಿ ಒಪ್ಪುವಂಥದು. ಆದರೆ ತಕಲಿಯ ಬದಲು ಬಲೆ ಹೆಣೆಯುವ ಸೂಜಿಯನ್ನು ಇಟ್ಟರೆ ಗಣಿತವು ಹೇಗೆ ನಡೆಯುವುದೆಂದು ಬರೆದು ತೋರಿಸುವವರು ಬೇಕಿತ್ತು. ಬೇಲೆಕೇರಿಯ ನೆರೆಯ ಅಲಗೇರಿಯವರಾದ ದಿನಕರ ದೇಸಾಯರು 1938ರಲ್ಲಿಯೇ ಭಾರತದ ಪ್ರಾಥಮಿಕ ಶಿಕ್ಷಣವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ್ದರೆಂಬುದನ್ನು ಅವರ ಚುಟುಕಗಳನ್ನು ಬಲ್ಲವರಲ್ಲಿಯೂ ಅನೇಕರು ಅರಿಯರು.

ಇನ್ನು ಇಂದಿನ ಕೈಪಿಡಿಗಳ ಗದ್ಯಕ್ಕೆ ಬರುವೆವು. ಅದರ ಮೊದಲ ಲಕ್ಷಣವೆಂದರೆ ಅಲ್ಲಿಯ ವಾಕ್ಯಕ್ಕೆ ಕರ್ತೃವಿಲ್ಲದಿರುವುದು. ಮಕ್ಕಳನ್ನು ಗುಂಪು ಮಾಡುವುದು, ಚಟುವಟಿಕೆಯಲ್ಲಿ ತೊಡಗಿಸುವುದು, ಸ್ಥಳೀಯ ಉದಾಹರಣೆಗಳನ್ನು ಬಳಸುವುದು, ಕಲಿಕೆಯನ್ನು ದೃಢಪಡಿಸಿಕೊಳ್ಳುವುದು—ಹೀಗೆ ಒಂದರ ಹಿಂದೊಂದು ಬರುವ ‘ವುದು’ಗಳಲ್ಲಿ ಮಾಡುವವರು ಯಾರು, ಮಾಡಿ ಸೋತವರು ಯಾರು, ಎಷ್ಟು ಹೊತ್ತು ಹಿಡಿಯಿತು ಎಂಬ ಯಾವ ಸುಳಿವೂ ದೊರೆಯದು. ಎರಡನೆಯದು ಪರಿಭಾಷೆ. ಶಿಕ್ಷಕನು ಸುಗಮಕಾರನಾದನು, ಪರೀಕ್ಷೆಯು ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನವಾಯಿತು. ಹೊಸ ವಿಷಯಕ್ಕೆ ಹೊಸ ಶಬ್ದ ಬೇಕಾಗುವುದು ಸಹಜ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ‘ಪರಿಹಾರ ಬೋಧನೆ’ಯೆಂಬ ಒಂದು ಶಬ್ದದ ಬಗೆಗೆ ಮಾತ್ರ ಸುಮ್ಮನಿರುವಂತಿಲ್ಲ. ಪರಿಹಾರವು ದೋಷಕ್ಕೆ, ರೋಗಕ್ಕೆ, ಗ್ರಹಬಾಧೆಗೆ ಸಲ್ಲುವಂಥದು. ಮನೆಯಲ್ಲಿ ಕೊಂಕಣಿಯಾಡಿ ಶಾಲೆಗೆ ಬಂದು ಕನ್ನಡದಲ್ಲಿ ತಡವರಿಸುವ ಹುಡುಗಿಗೆ ಈ ಶಬ್ದವನ್ನು ಹಚ್ಚಿದ ಕ್ಷಣದಿಂದ ಅವಳ ಭಾಷೆಯೇ ರೋಗವಾಯಿತು. ‘ನಿಧಾನಗತಿಯ ಕಲಿಕಾರ್ಥಿ’ ಎಂಬ ಇನ್ನೊಂದು ಬಿರುದೂ ಇದೆ. ಅವಳು ನಿಧಾನವೋ, ಎರಡು ಭಾಷೆಗಳ ಭಾರವನ್ನು ಹೊತ್ತು ನಡೆಯುತ್ತಿರುವಳೋ ಎಂಬುದನ್ನು ಬೇರ್ಪಡಿಸಿ ನೋಡುವ ಉಪಾಯವನ್ನು ಕೈಪಿಡಿಯು ಹೇಳಿಕೊಡಬೇಕಿತ್ತು. ಅದು ಹೆಸರನ್ನು ಮಾತ್ರ ಕೊಟ್ಟಿತು.

ಈ ಬಗೆಯ ಬರವಣಿಗೆಯ ನಡುವೆ ‘ನಲಿ-ಕಲಿ’ಯು ಬೇರೆಯಾಗಿ ನಿಲ್ಲುತ್ತದೆಂದು ಒಪ್ಪಲೇಬೇಕು. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ಕಂಡು ಬಂದು, ತಾವೇ ಕುಳಿತು ಕಾರ್ಡುಗಳನ್ನು ಬರೆದು ಆರಂಭಿಸಿದ ಪ್ರಯತ್ನವಿದು. 2009–10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹಬ್ಬಿತು. ಪಾಠವನ್ನು ಕಲಿಕಾ ಏಣಿಯ ಮೆಟ್ಟಿಲುಗಳಾಗಿ, ಮೈಲಿಗಲ್ಲುಗಳಾಗಿ ವಿಂಗಡಿಸಿ, ಮೆಟ್ಟಿಲಿಗೊಂದು ಗುರುತಿನ ಚಿತ್ರವನ್ನಿಟ್ಟು, ಮಗುವು ತಾನಿರುವ ಮೆಟ್ಟಿಲನ್ನು ತಾನೇ ಹುಡುಕಿಕೊಂಡು ಕಾರ್ಡು ಎತ್ತಿಕೊಳ್ಳುವಂತೆ ಮಾಡಿದ್ದಾರೆ. ಶಿಕ್ಷಕರ ಪೂರ್ಣ ನೆರವಿನ ಗುಂಪು, ಭಾಗಶಃ ನೆರವಿನ ಗುಂಪು, ಸಂಗಡಿಗರ ಪೂರ್ಣ ಮತ್ತು ಭಾಗಶಃ ನೆರವಿನ ಎರಡು ಗುಂಪುಗಳು, ಸ್ವಂತವಾಗಿ ಕಲಿಯುವ ಗುಂಪು—ಹೀಗೆ ಐದು ತಟ್ಟೆಗಳ ಸುತ್ತ ಮಕ್ಕಳು ಕುಳಿತುಕೊಳ್ಳುವರು. ನಾಲ್ಕು ದಿನ ಶಾಲೆ ತಪ್ಪಿದ ಹುಡುಗನು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹೊರಡಬಹುದು; ಪಾಠವು ಅವನನ್ನು ಬಿಟ್ಟು ಮುಂದೆ ಓಡಿರುವುದಿಲ್ಲ. ಬಲೆ ಎಳೆಯುವ ದಿನ ತಂದೆಯೊಡನೆ ದಂಡೆಗೆ ಹೋಗುವ ಮಗನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿಗಳಿರುವುದನ್ನು ಅನಿಷ್ಟವೆಂದು ಗೊಣಗದೆ, ಅದನ್ನೇ ಅಡಿಪಾಯವಾಗಿ ಹಿಡಿದು ಕಟ್ಟಿದ ಪದ್ಧತಿ ಕನ್ನಡದಲ್ಲಿ ಇದೊಂದೇ ಎಂದರೂ ಸಲ್ಲುತ್ತದೆ.

ಆದರೆ ನಲಿ-ಕಲಿಯು ಗುರುತಿಸಿದ ವೈವಿಧ್ಯವು ವೇಗದ ವೈವಿಧ್ಯ; ಮಾತಿನ ವೈವಿಧ್ಯವನ್ನು ಅದು ಬಹುಮಟ್ಟಿಗೆ ಹೊರಗಿಟ್ಟಿತು. ಒಂದು ಉದಾಹರಣೆಯನ್ನು ಸ್ವಲ್ಪ ನಿಂತು ನೋಡೋಣ. ಅಕ್ಷರಮಾಲೆಯ ಸಂಪ್ರದಾಯದ ಕ್ರಮವನ್ನು ಬಿಟ್ಟು, ಬರೆಯಲು ಸುಲಭವೂ ಆಕಾರದಲ್ಲಿ ಸಮೀಪವೂ ಆದ ಅಕ್ಷರಗಳ ಗುಚ್ಛಗಳನ್ನು ಮಾಡಿ, ಮೊದಲು ರ, ಗ, ಸ, ದ, ಅ ಎಂಬವುಗಳನ್ನು ಕಲಿಸುತ್ತಾರೆ. ಐದೇ ಅಕ್ಷರಗಳಿಂದ ಮಗುವು ಮೊದಲ ವಾರಗಳಲ್ಲಿಯೇ ಸರ, ಅರಸ, ಅಗಸ, ಗರಗಸ ಎಂದು ಓದಬಲ್ಲುದು. ಉಪಾಯವು ಜಾಣತನದ್ದು. ಆದರೆ ಬೇಲೆಕೇರಿಯ ಮಗುವಿಗೆ ಅರಸನನ್ನು ಕಂಡು ಗೊತ್ತಿಲ್ಲ. ಬಲೆ, ದೋಣಿ, ಮೀನು, ಉಪ್ಪು ಇವು ಗೊತ್ತು. ಈ ನಾಲ್ಕರಲ್ಲಿ ಒಂದಕ್ಕಾದರೂ ಗುಣಿತದ ಚಿಹ್ನೆಯಿಲ್ಲದೆ ಅಥವಾ ಒತ್ತಕ್ಷರವಿಲ್ಲದೆ ಸಾಗದು. ಹಾಗಾಗಿ ಮನೆಯಂಗಳದಲ್ಲಿ ಹರಡಿ ಬಿದ್ದಿರುವ ಬಲೆಯು ಓದಿನಲ್ಲಿ ಬಹಳ ತಡವಾಗಿ ಬರುತ್ತದೆ. ಅಕ್ಷರದ ಸುಲಭತೆಗೂ ಅನುಭವದ ಸಾಮೀಪ್ಯಕ್ಕೂ ಇರುವ ಈ ಜಗಳವನ್ನು ಯಾವ ಪದ್ಧತಿಯೂ ಪೂರ್ಣವಾಗಿ ತೀರಿಸಲಾರದು. ಆದರೂ ಜಗಳವಿದೆಯೆಂದು ಶಿಕ್ಷಕನಿಗೆ ತಿಳಿಸಿ, ಬಲೆಯೆಂಬ ಶಬ್ದವನ್ನು ಇಡಿಯಾಗಿ ಚಿತ್ರದಂತೆ ಮೊದಲ ದಿನವೇ ಹಲಗೆಯ ಮೇಲೆ ಬರೆಯಬಹುದೆಂಬ ಒಂದು ಮಾತನ್ನು ಸೇರಿಸಿದ್ದರೆ ಪುಸ್ತಕದ ತೂಕವೇನೂ ಹೆಚ್ಚುತ್ತಿರಲಿಲ್ಲ. ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರು ತಮ್ಮ ಮಕ್ಕಳಿಗಾಗಿ ಬರೆದ ಕಾರ್ಡುಗಳು ರಾಜ್ಯಕ್ಕೆಲ್ಲ ಒಂದೇ ಅಚ್ಚಿನಲ್ಲಿ ಹೊರಟಾಗ, ಪದ್ಧತಿಯ ಅಸ್ಥಿಪಂಜರವು ಉಳಿದು, ಊರಿನ ಶಿಕ್ಷಕನು ತಾನೇ ಬರೆದನೆಂಬ ಜೀವವು ಕುಗ್ಗಿತೆಂದು ನಮ್ಮ ಮತ. ಕೊರೋನಾ ಕಾಲದ ಶಾಲಾಮುಚ್ಚುಗಡೆಯ ಬಳಿಕ 2022–23ರಲ್ಲಿ ಬಂದ ‘ಕಲಿಕಾ ಚೇತರಿಕೆ’ಯ ಕೈಪಿಡಿಗಳು ಮತ್ತು ಕಲಿಕಾ ಹಾಳೆಗಳನ್ನು ಕುರಿತೂ ಹೆಚ್ಚುಕಡಿಮೆ ಇದೇ ಮಾತನ್ನು ಹೇಳಬಹುದಾದ್ದರಿಂದ ಅವನ್ನು ವಿಸ್ತರಿಸುವುದಿಲ್ಲ.

ಕರ್ತೃವಿಲ್ಲದ ವಾಕ್ಯಗಳಿಂದ ಬೇಸತ್ತವರು ಗಿಜುಭಾಯಿ ಬಧೇಕರ ‘ದಿವಾಸ್ವಪ್ನ’ವನ್ನು ಓದಬೇಕು. 1930ರ ದಶಕದಲ್ಲಿ ಗುಜರಾತಿಯಲ್ಲಿ ಪ್ರಕಟವಾದ ಈ ಚಿಕ್ಕ ಪುಸ್ತಕದಲ್ಲಿ ಲಕ್ಷ್ಮೀರಾಮನೆಂಬ ಕಲ್ಪಿತ ಶಿಕ್ಷಕನು ನಾಲ್ಕನೆಯ ತರಗತಿಯನ್ನು ಒಂದು ವರುಷ ಪ್ರಯೋಗಕ್ಕೆಂದು ಬೇಡಿ ಪಡೆಯುತ್ತಾನೆ. ಮಾಂಟೆಸರಿ ಪದ್ಧತಿಯನ್ನು ಓದಿಕೊಂಡು ಬಂದ ಆತನು ಮೊದಲ ದಿನವೇ ಕಿಟಕಿ ಬಾಗಿಲುಗಳನ್ನು ಮುಚ್ಚಿ ಮೌನದ ಆಟವನ್ನಾಡಿಸಲು ಹೋಗುತ್ತಾನೆ. ಹುಡುಗರು ಗದ್ದಲವೆಬ್ಬಿಸಿ ಆಟವನ್ನು ಕೆಡಿಸುತ್ತಾರೆ. ಆತನು ಕೈಚೆಲ್ಲದೆ ಮರುದಿನದಿಂದ ಕತೆ ಹೇಳಲಾರಂಭಿಸುತ್ತಾನೆ. ಹೊಸ ಶಿಕ್ಷಕನಿಗೆ ಇದರಲ್ಲಿ ದೊರೆಯುವಂಥದು ಹತ್ತು ಕೈಪಿಡಿಗಳಲ್ಲಿ ದೊರೆಯದು. ಪುಸ್ತಕದಿಂದ ಹೊತ್ತು ತಂದ ಉಪಾಯವು ಮೊದಲ ತಾಸಿನಲ್ಲಿಯೇ ಬಿದ್ದುಹೋಗಬಹುದು, ಬಿದ್ದ ಮೇಲೆ ಎರಡನೆಯ ದಿನವೊಂದಿದೆ, ಎಂಬುದು ಅಲ್ಲಿ ಕತೆಯಾಗಿ ಕಾಣಿಸುತ್ತದೆ. ‘ನಾನು’ ಎನ್ನುವವನೊಬ್ಬನು ಮಾತನಾಡುವುದರಿಂದಲೇ ಇದು ಸಾಧ್ಯವಾಯಿತು.

ನ್ಯೂಜಿಲೆಂಡಿನ ಸಿಲ್ವಿಯಾ ಆ್ಯಷ್ಟನ್-ವಾರ್ನರ್ ಎಂಬ ಶಿಕ್ಷಕಿಯು 1963ರಲ್ಲಿ ಪ್ರಕಟಿಸಿದ ‘ಟೀಚರ್’ ಎಂಬ ಪುಸ್ತಕವು ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಮಾವೊರಿ ಮಕ್ಕಳಿಗೆ ಇಂಗ್ಲಿಷ್ ಓದಲು ಕಲಿಸುತ್ತಿದ್ದ ಆಕೆ, ಆಂಗ್ಲ ಮನೆಗಳ ಚಿತ್ರಗಳಿದ್ದ ವಾಚನ ಪುಸ್ತಕಗಳು ಆ ಮಕ್ಕಳಿಗೆ ತಟ್ಟದಿದ್ದುದನ್ನು ಕಂಡು, ಪ್ರತಿಯೊಂದು ಮಗುವನ್ನೂ ನಿನಗೆ ಯಾವ ಶಬ್ದ ಬೇಕೆಂದು ಕೇಳಿ, ಅದನ್ನು ದಪ್ಪ ಕಾಗದದ ಚೀಟಿಯ ಮೇಲೆ ಬರೆದು ಮಗುವಿಗೇ ಕೊಡುತ್ತಿದ್ದಳು. ಮರುದಿನ ಮಗುವಿಗೆ ನೆನಪಿರದ ಶಬ್ದವು ಅದರ ಮನಸ್ಸಿನದಲ್ಲವೆಂದು ಆ ಚೀಟಿಯನ್ನು ತೆಗೆದುಹಾಕುತ್ತಿದ್ದಳು. ಹೀಗೆ ಕೇಳಿದರೆ ನಮ್ಮ ದಂಡೆಯ ಮಕ್ಕಳು ಯಾವ ಶಬ್ದಗಳನ್ನು ಬೇಡಿಯಾರು? ಬಂಗಡೆ, ತಾರ್ಲೆ, ಶೆಟ್ಲಿ, ರಂಪಣಿ? ಇವು ಊಹೆ ಮಾತ್ರ. ಬೇರೆಯೇ ಏನಾದರೂ ಬೇಡಿದರೆ ಆಶ್ಚರ್ಯವಿಲ್ಲ. ಊಹಿಸದೆ ಕೇಳಿ ತಿಳಿಯುವುದೇ ಆ ಪದ್ಧತಿಯ ತಿರುಳು. ರಂಪಣಿಯ ಮಾತು ಬಂದುದರಿಂದ ಒಂದನ್ನು ಹೇಳಬೇಕು: ಇಡೀ ಕೇರಿಯು ಕೂಡಿ ಎಳೆಯುವ ಆ ದೊಡ್ಡ ಬಲೆಯ ಮೀನನ್ನು ಪಾಲು ಹಾಕುವುದನ್ನು ನೋಡುತ್ತ ಬೆಳೆದ ಹುಡುಗನಿಗೆ ಭಾಗಾಕಾರವು ಹೊಸ ವಿದ್ಯೆಯಲ್ಲ. ಅವನಿಗೆ ಹೊಸದಾದದ್ದು ಭಾಗಾಕಾರವೆಂಬ ಹೆಸರು.

ಈಗ ಬೇಲೆಕೇರಿಯ ಶಿಕ್ಷಕನ ಕೈಯಲ್ಲಿ ನಿಜವಾಗಿ ಇರಬೇಕಾದ ಪುಸ್ತಕವನ್ನು ಕುರಿತು ಎರಡು ಮಾತು. ಮರ ಬಿತ್ತು ಎನ್ನಬೇಕಾದಲ್ಲಿ ಮಗುವು ಮರ ಬಿದ್ದ ಎಂದರೆ ತರಗತಿಯು ನಗುತ್ತದೆ. ಶಿಕ್ಷಕನು ತಪ್ಪೆಂದು ಗೀಟು ಎಳೆಯುತ್ತಾನೆ. ಕೊಂಕಣಿಯಲ್ಲಿ ಮರಕ್ಕೆ ರೂಕು ಎಂದು ಹೆಸರು, ಅದು ಪುಲ್ಲಿಂಗ. ಆ ಭಾಷೆಯಲ್ಲಿ ನಿರ್ಜೀವ ವಸ್ತುಗಳಿಗೂ ಮೂರು ಲಿಂಗಗಳುಂಟು. ಮಗುವು ತನ್ನ ವ್ಯಾಕರಣವನ್ನು ಶ್ರದ್ಧೆಯಿಂದ ಪಾಲಿಸಿದೆ. ಹಾಗೆಯೇ, ಹುಡುಗಿಯೊಬ್ಬಳು ತಾನು ಮಾವಿನಹಣ್ಣು ತಿಂದೆನೆಂದು ಕೊಂಕಣಿಯಲ್ಲಿ ಹೇಳುವಾಗ ಕ್ರಿಯಾಪದವು ಅವಳನ್ನು ಅನುಸರಿಸದೆ ಹಣ್ಣನ್ನು ಅನುಸರಿಸುತ್ತದೆ. ಅವಳು ಕನ್ನಡದ ತಿಂದೆ, ತಿಂದಳು, ತಿಂದಿತುಗಳ ನಡುವೆ ಕೆಲಕಾಲ ಎಡವಿದರೆ ಅದು ದಡ್ಡತನವಲ್ಲ. ಇದನ್ನು ಬಲ್ಲ ಶಿಕ್ಷಕನು ಗೀಟೆಳೆಯುವ ಮುನ್ನ ಒಂದು ಗಳಿಗೆ ತಡೆಯುವನು. ಇಂಥ ನಾಲ್ವತ್ತು ಐವತ್ತು ತಪ್ಪುಗಳ ಪಟ್ಟಿ, ಪ್ರತಿಯೊಂದರ ಎದುರು ಅದು ಹುಟ್ಟಿದ ಕಾರಣ—ಕಾರವಾರ ಅಂಕೋಲೆಗಳಿಗೆ ಬೇಕಾದ ಕೈಪಿಡಿಯ ಮೊದಲ ಅಧ್ಯಾಯ ಇದು.

ಕನ್ನಡವನ್ನೇ ಆಡುವ ಮಕ್ಕಳ ಪಾಡೂ ಇದಕ್ಕಿಂತ ತೀರ ಬೇರೆಯಲ್ಲ. ಊರ ಹೆಸರಿನಲ್ಲಿಯೇ ಇರುವ ಬೇಲೆಯೆಂಬ ಶಬ್ದಕ್ಕೆ ನಮ್ಮ ಕರಾವಳಿಯಲ್ಲಿ ಕಡಲದಂಡೆಯೆಂದು ಅರ್ಥ. ಸಂಸ್ಕೃತದ ವೇಲಾ ಶಬ್ದದೊಡನೆ ಅದರ ನಂಟನ್ನು ಕಾಣಬಹುದು. ಬೇಲೆಗೆ ಆಡಲು ಹೋಗಿದ್ದೆನೆಂದು ಮಗುವು ಬರೆದರೆ, ಬಯಲುಸೀಮೆಯಿಂದ ಬಂದ ಶಿಕ್ಷಕನು ಅದನ್ನು ಬೇಲಿಯೆಂದು ತಿದ್ದುವ ಸಂಭವವೇ ಹೆಚ್ಚು. ಹಾಲಕ್ಕಿ ಕನ್ನಡವನ್ನು ಕುರಿತು ಎ. ಎಸ್. ಆಚಾರ್ಯರ ಭಾಷಾಶಾಸ್ತ್ರೀಯ ವರ್ಣನೆಯು 1967ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಇಂಗ್ಲಿಷಿನಲ್ಲಿ ಹೊರಬಂದಿತು. ಅದರ ಸಾರವನ್ನು ಇಪ್ಪತ್ತು ಪುಟಗಳಲ್ಲಿ ಕನ್ನಡಕ್ಕೆ ಇಳಿಸಿ ಕುಮಟೆಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಂಥ ಕಡೆ ಕಲಿಯುವ ಶಿಕ್ಷಕರ ಕೈಗೆ ಕೊಡುವುದು ದೊಡ್ಡ ಕೆಲಸವೇನೂ ಅಲ್ಲ. ಕೈಪಿಡಿಗಳು ‘ಸ್ಥಳೀಯ ಸಂಪನ್ಮೂಲ ವ್ಯಕ್ತಿ’ಗಳನ್ನು ಶಾಲೆಗೆ ಕರೆಸಬೇಕೆಂದು ತಪ್ಪದೆ ಹೇಳುತ್ತವೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ 2025ರ ಫೆಬ್ರುವರಿಯಲ್ಲಿ ತೀರಿಕೊಳ್ಳುವವರೆಗೂ ನೂರಾರು ಹಾಡುಗಳನ್ನು ಬಾಯಲ್ಲಿ ಇಟ್ಟುಕೊಂಡಿದ್ದರು. ಆ ಹಾಡುಗಳ ಭಾಷೆಯು ಹಾಲಕ್ಕಿ ಮಕ್ಕಳ ಮನೆಯ ಭಾಷೆಯೇ. ಮುದುಕಿಯ ಬಾಯಲ್ಲಿ ಅದಕ್ಕೆ ಸನ್ಮಾನ, ಮೊಮ್ಮಗಳ ಪಾಟಿಯ ಮೇಲೆ ಅದಕ್ಕೆ ಕೆಂಪು ಗೀಟು: ಈ ವೈಪರೀತ್ಯವನ್ನು ಕೈಪಿಡಿ ಬರೆಯುವವರು ಗಮನಿಸಿದಂತೆ ಕಾಣುವುದಿಲ್ಲ.

ಇದಕ್ಕೊಂದು ಆಕ್ಷೇಪವುಂಟು, ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಕಾರವಾರವು ಗಡಿಯ ಸೀಮೆ. ಮುಂಬಯಿ ಇಲಾಖೆಯ ಕಾಲದಲ್ಲಿ ಇಲ್ಲಿಯ ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದುದನ್ನೂ, 1966ರಲ್ಲಿ ನೇಮಕವಾದ ಮಹಾಜನ ಆಯೋಗದ ಮುಂದೆ ಗಡಿಯ ವಾದಗಳು ನಡೆದುದನ್ನೂ ನ‌ಮ್ಮ ಹಿರಿಯರು ಮರೆತಿಲ್ಲ. ಶಾಲೆಯೊಳಗೆ ಇನ್ನೊಂದು ಭಾಷೆಗೆ ಎಡೆಗೊಟ್ಟರೆ ಕನ್ನಡಕ್ಕೆ ಧಕ್ಕೆಯಾಗದೆ? ಎಂದು ಅವರು ಶಂಕಿಸುವುದು ಸಹಜ. ನಮ್ಮ ಉತ್ತರವಿಷ್ಟು: ಇಲ್ಲಿ ಪ್ರಶ್ನೆಯಲ್ಲಿರುವುದು ಮಾಧ್ಯಮವಲ್ಲ, ಶಿಕ್ಷಕನ ಕಿವಿ. ಮಗುವಿನ ಮಾತನ್ನು ಬಲ್ಲವನು ಅದಕ್ಕೆ ಕನ್ನಡವನ್ನು ಬೇಗ ಕಲಿಸುವನು; ಅಪಹಾಸ್ಯಕ್ಕೆ ಗುರಿಯಾದ ಮಗುವು ಬಾಯಿ ಮುಚ್ಚಿ ಕುಳಿತು ಕನ್ನಡವನ್ನೇ ದ್ವೇಷಿಸುವುದು. 2009ರ ಕಾಯಿದೆಯೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದ ಮಟ್ಟಿಗೆ ಮನೆಮಾತಿನಲ್ಲಿ ಕಲಿಸಬೇಕೆಂದು ಹೇಳಿವೆ. ಕರ್ನಾಟಕದಲ್ಲಿ 2007ರಿಂದ ಆರನೆಯ ತರಗತಿಯ ಮೇಲೆ ಕೊಂಕಣಿಯನ್ನು ಮೂರನೆಯ ಭಾಷೆಯಾಗಿ ಕಲಿಯಲು ಅವಕಾಶವಾಯಿತು. ಅದು ಸಂತೋಷದ ವಿಷಯವೇ. ಆದರೆ ಮಗುವಿಗೆ ತನ್ನ ಮಾತಿನ ಆಸರೆ ಬೇಕಾದದ್ದು ಒಂದನೆಯ ತರಗತಿಯ ಮೊದಲ ತಿಂಗಳಲ್ಲಿ, ಆರನೆಯದರಲ್ಲಿ ಅಲ್ಲ.

ಸರಕಾರವೇ ಇಂಥ ಕೈಪಿಡಿಯನ್ನು ಬರೆಯಿಸಲೆಂದು ಕಾಯುವುದರಲ್ಲಿ ಅರ್ಥವಿಲ್ಲ. ರಾಜ್ಯಕ್ಕೆಲ್ಲ ಒಂದೇ ಪುಸ್ತಕವನ್ನು ಅಚ್ಚು ಹಾಕುವವರಿಗೆ ಬೇಲೆಯ ಮಕ್ಕಳ ಐವತ್ತು ತಪ್ಪುಗಳು ಕಾಣುವ ಬಗೆಯಿಲ್ಲ. ಯಲ್ಲಾಪುರ ಹಳಿಯಾಳಗಳ ಸಿದ್ದಿ ಮಕ್ಕಳ ತಪ್ಪುಗಳು ಬೇರೆ, ಭಟ್ಕಳದ ನವಾಯತ ಮಕ್ಕಳ ತಪ್ಪುಗಳು ಬೇರೆ. ಈ ಸೀಮೆಯ ಶಾಲೆಗಳಲ್ಲಿ ಕೆಲಸ ಮಾಡುವ ಮಾಸ್ತರರೂ ಅಕ್ಕೋರುಗಳೂ ಪಾಠದ ಟಾಚಣವನ್ನು ಬರೆಯುವ ವಹಿಯ ಹಿಂದಿನ ಪುಟಗಳಲ್ಲಿ ಒಂದು ವರುಷದ ಮಟ್ಟಿಗೆ ಎರಡು ಸಾಲುಗಳನ್ನು ಮಾಡಿಕೊಳ್ಳಲಿ: ಒಂದು ಕಡೆ ಮಗು ಆಡಿದ ಮಾತು, ಆಡಿದಂತೆಯೇ, ಎದುರಿಗೆ ಅದು ಮನೆಯ ಯಾವ ಮಾತಿನಿಂದ ಬಂದಿತೆಂಬುದು, ತಿಳಿಯದಿದ್ದರೆ ಮಗುವಿನ ತಾಯಿಯನ್ನು ಕೇಳಿ. ಹೆಸರು ಬೇಡ, ಅಂಕ ಬೇಡ. ಜೂನಿನಿಂದ ದೀಪಾವಳಿಯವರೆಗಿನ ಪಟ್ಟಿಗಳು ಕೈಸೇರಿದರೆ ಈ ಪತ್ರಿಕೆಯ ಪುಟಗಳಲ್ಲಿಯೇ ಅವನ್ನು ಕಂತುಗಳಾಗಿ ಮುದ್ರಿಸಬಹುದು. ಕೊಂಕಣಿಯ ಶಬ್ದಗಳನ್ನು ಕನ್ನಡ ಲಿಪಿಯಲ್ಲಿ, ಮೂಗಿನ ಸ್ವರಗಳಿಗೆ ಒಂದು ಗುರುತನ್ನಿಟ್ಟು ಬರೆದು ಕಳಿಸಿದರೆ ಅಚ್ಚುಕೂಟದವರಿಗೆ ಅನುಕೂಲ.